ಹಳದಿ ಮುಖದ ಕಣ್ಣೀರು

“ಬದುಕಿರೋ ಕುದುರೆಮರೀನ ಸತ್ತುಹೋಯ್ತು ಅಂತ ಬರೆಯೋಕೆ ನನಗೆ ಕೈ ಬರಲ್ಲ,” ಎಂದು ಕಾಲಿಚಾ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. “ಕೆಟ್ಟದ್ದನ್ನ ಬಾಯಲ್ಲಿ ಕರೆದ್ರೆ ಬಾಗಿಲಿಗೇ ಬರುತ್ತೆ ಅಂತಾರೆ.”

ತನಿಖಾಧಿಕಾರಿ ಬುರುಲ್ ಒತ್ತಾಯ ಮಾಡಲಿಲ್ಲ. ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿ ಆಕೆಯ ಮುಂದೆ ಸರಿಸಿದಳು. ಕಿಟಕಿಯಾಚೆ ನರೀನ್ ಪಟ್ಟಣದ ಮೇಲೆ ಕಲ್ಲಿದ್ದಲ ಹೊಗೆ ಕವಿದು, ಹೊಳೆಯಾಚೆಯ ಬೆಟ್ಟ ಅರ್ಧಕ್ಕೇ ನಿಂತುಹೋಗಿತ್ತು. ಬೆಳಗ್ಗೆಯೇ ಸಂಜೆಯಾದ ಹಾಗಿತ್ತು.

ಕಾಲಿಚಾಳ ಮಗಳು ಸಯ್ಕಾಲ್ ಗಂಡನ ಮನೆಯಿಂದ ಕಾಣೆಯಾಗಿ ತಿಂಗಳಾಗುತ್ತ ಬಂದಿತ್ತು. ಅವಳ ಫೋನಿನಿಂದ ಮಾತ್ರ ತಾಯಿಗೆ ದಿನವೂ ಸಂದೇಶ ಬರುತ್ತಿತ್ತು. ರಾಜಧಾನಿ ಬಿಶ್ಕೆಕ್‌ನಲ್ಲಿ ಹೊಲಿಗೆ ಕೆಲಸ ಸಿಕ್ಕಿದೆ, ಆರಾಮಾಗಿದ್ದೇನೆ, ಕರೆ ಮಾಡಬೇಡಿ, ಕೆಲಸದ ಹೊತ್ತಿನಲ್ಲಿ ಫೋನು ಎತ್ತಿದರೆ ಬೈಯುತ್ತಾರೆ. ಪ್ರತಿ ಸಂದೇಶದ ಕೊನೆಯಲ್ಲೂ ಒಂದು ನಗು.

ಆ ನಗುವೇ ಬುರುಲ್‌ಳ ಕೈ ಕಟ್ಟಿಹಾಕಿತ್ತು. ದಿನಾ ನಗುನಗುತ್ತ ಮಾತಾಡುವವಳನ್ನು ಕಾಣೆಯಾದವಳು ಅಂತ ಹೇಗಮ್ಮಾ ಬರೆದುಕೊಳ್ಳುವುದು ಎಂದು ಠಾಣೆಯ ಮುಖ್ಯಸ್ಥ ಕೇಳಿದ್ದ. ಇವತ್ತು ಸಂಜೆಯೊಳಗೆ ಗಟ್ಟಿಯಾದದ್ದೇನಾದರೂ ತಾ, ಇಲ್ಲದಿದ್ದರೆ ಆ ತಾಯಿಗೆ ಸಮಾಧಾನ ಹೇಳಿ ಊರಿಗೆ ಕಳಿಸು ಎಂದಿದ್ದ. ಹೇಳುವುದು ಸುಲಭ. ಹೆತ್ತ ಹೊಟ್ಟೆಯ ಎದುರು ಕೂತು ಸಮಾಧಾನ ಹೇಳುವ ಪಾಡು ಅವನದಾಗಿರಲಿಲ್ಲ.

ಈ ಸೀಮೆಯ ಜನ ಫೋನಿನಲ್ಲಿ ನಗುವ ರೀತಿಯೇ ಬೇರೆ. ಕಣ್ಣಿಲ್ಲ, ಮೂಗಿಲ್ಲ, ಬರೀ ಬಾಯಿ. ಮುಚ್ಚುವ ಬ್ರಾಕೆಟ್ ಒಂದನ್ನು ಮಾತಿನ ಬಾಲಕ್ಕೆ ) ಹೀಗೆ ಅಂಟಿಸಿಬಿಡುತ್ತಾರೆ. ಒಂದು ಹಾಕಿದರೆ ಅದು ಮರ್ಯಾದೆ, ಸಾಲಾಗಿ ಸುರಿದರೆ ನಗೆ. ಏನೂ ಹಾಕದೆ ಕಳಿಸಿದರೆ ಯಾಕಮ್ಮಾ ಮುನಿಸು ಎಂದು ತಿರುಗಿ ಕೇಳುತ್ತಾರೆ.

ಸಯ್ಕಾಲ್ ಹೆಸರಿನಲ್ಲಿ ಬರುತ್ತಿದ್ದ ಸಂದೇಶಗಳಲ್ಲಿ ಆ ನಗುವಿಗೆ ಕೊರತೆ ಇರಲಿಲ್ಲ. ಹಸು ಕರು ಹಾಕಿತು ಅಂದರೆ ನಗು, ತಮ್ಮ ಪಾಸಾದ ಅಂದರೆ ನಗು. ಹಿಂದೆ ಹೇಗೆ ಬರೆಯುತ್ತಿದ್ದಳೋ ಈಗಲೂ ಹಾಗೆಯೇ. ಆದರೂ ತಾಯಿ, ಇದು ನನ್ನ ಮಗಳಲ್ಲ ಎಂದು ಪಟ್ಟು ಹಿಡಿದಿದ್ದಳು. ಹೇಗೆ ಗೊತ್ತು ಅಂದರೆ ಎದೆ ಮುಟ್ಟಿ ತೋರಿಸುತ್ತಿದ್ದಳು. ಎದೆಯನ್ನು ಕೋರ್ಟಿಗೆ ಹಾಜರುಪಡಿಸಲು ಬರುವುದಿಲ್ಲವಲ್ಲ!

ಬುರುಲ್ ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು. ಇನ್ನೊಬ್ಬರ ನಗುವನ್ನು ನಕಲು ಮಾಡುವುದು ಕಷ್ಟವಲ್ಲ. ಹಳೆಯ ಸಂದೇಶ ತೆಗೆದು ನೋಡಿದರೆ ಸಾಕು. ಅಳುವನ್ನು ನಕಲು ಮಾಡುವುದು ಹೇಗೆ? ಸಯ್ಕಾಲ್ ತನ್ನ ತಾಯಿಗೆ ಅಳುವ ಸಂದೇಶವನ್ನು ಎಂದೂ ಕಳಿಸಿದವಳಲ್ಲ. ನೋಡಿ ಬರೆಯಲು ಮಾದರಿಯೇ ಇಲ್ಲ. ಆ ಫೋನು ಯಾರ ಕೈಯಲ್ಲಿದೆಯೋ ಅವರಿಗೆ ಅಳಬೇಕಾಗಿ ಬಂದರೆ, ತಮ್ಮದೇ ರೀತಿಯಲ್ಲಿ ಅಳಬೇಕು. ಅದಕ್ಕೇ ಈ ಮರಿಯ ಸುಳ್ಳು.

“ಅಪಾ, ಪಾಪ ಬಂದ್ರೆ ನನ್ನ ತಲೆ ಮೇಲೆ ಬರಲಿ,” ಎಂದಳು ಬುರುಲ್. ಅಲ್ಲಿಯವರು ತಾಯಿಯನ್ನೂ ತಾಯಿಯ ವಯಸ್ಸಿನವರನ್ನೂ ಕರೆಯುವುದೇ ಹಾಗೆ. “ನೀವು ಬರೀರಿ.”

ಕಾಲಿಚಾ ತೋರುಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿದಳು. ನಿನ್ನ ಬೂದು ಕುದುರೆಮರಿ ಸತ್ತುಹೋಯ್ತು ಮಗಳೇ, ತೋಳ ಹಿಡೀತು. ಕಳಿಸಿದವಳೇ ಎದೆಯ ಮೇಲೆ ತೂ ತೂ ಎಂದು ಉಗಿದುಕೊಂಡು ದೇವರ ಕ್ಷಮೆ ಕೇಳಿದಳು. ಆ ಮರಿಯ ತಾಯಿ ಹೆರುವಾಗಲೇ ಸತ್ತಿತ್ತಂತೆ. ಸಯ್ಕಾಲ್ ಅದನ್ನು ಅಡುಗೆಮನೆಯ ಒಲೆ ಪಕ್ಕ ಮಲಗಿಸಿ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳಂತೆ. ಮದುವೆಯಾಗಿ ಹೋಗುವ ದಿನ ತಾಯಿಗಿಂತ ಹೆಚ್ಚಾಗಿ ಅದರ ಕೊರಳು ತಬ್ಬಿ ಅತ್ತಿದ್ದಳಂತೆ.

ಉತ್ತರ ಬರಲು ಬಹಳ ಹೊತ್ತು ಹಿಡಿಯಲಿಲ್ಲ. ಇಬ್ಬರ ತಲೆಗಳೂ ಒಟ್ಟಿಗೇ ಬಗ್ಗಿದವು.

‘ಅಯ್ಯೋ ನನ್ನ ಮರಿಯೇ. ಕರುಳು ಕಿತ್ತು ಬಂತು ಅಪಾ.’ ಅದರ ಕೆಳಗೆ ಸಾಲಾಗಿ ಹಳದಿ ಮುಖಗಳು. ಬಾಯಿ ಅಗಲ ತೆರೆದು, ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕಡೆ ನೀರು ಚಿಮ್ಮಿಸುತ್ತಿರುವ ಮುಖಗಳು. ಬಿದ್ದು ಬಿದ್ದು ನಕ್ಕು ಕಣ್ಣಲ್ಲಿ ನೀರು ಬಂದಾಗ ಎಳೆಯರು ಹಾಕುವಂಥವು.

ಕಾಲಿಚಾ ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಗೆದಳು. “ನಗ್ತಾ ಇದೆ ಅದು,” ಎಂದಳು. “ನನ್ನ ಮಗಳ ಹೆಸರಿಟ್ಕೊಂಡು ಯಾವುದೋ ಪಿಶಾಚಿ ನಗ್ತಾ ಇದೆ.”

ಬುರುಲ್‌ಗೆ ಮಾತ್ರ ಮೈ ಝುಮ್ಮೆಂದದ್ದು ಬೇರೆ ಕಾರಣಕ್ಕೆ. ಹೋದ ವರ್ಷ ಅವಳ ಸೋದರಮಾವ ತೀರಿಕೊಂಡಾಗ ಫೋನಿನ ತುಂಬ ಇದೇ ಮುಖಗಳು ಬಂದಿದ್ದವು, ಅತ್ತೆ ಚಿಕ್ಕಮ್ಮಂದಿರಿಂದ. ಆಗ ಅವಳೂ ಕೋಪಿಸಿಕೊಂಡಿದ್ದಳು. ಆಮೇಲೆ ಸಾವಿನ ಮನೆಯಲ್ಲಿ ಅದೇ ಹೆಂಗಸರು ಗೋಡೆಗೆ ಮುಖಮಾಡಿ ಕೂತು ಹಾಡಿಕೊಂಡು ಅಳುವುದನ್ನು ನೋಡಿ ಕೋಪ ಇಳಿದುಹೋಗಿತ್ತು. ಬಾಯಿ ಅಗಲ ತೆರೆದಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು, ಎರಡೂ ಕೆನ್ನೆಯ ಮೇಲೆ ಧಾರೆ. ಹಳದಿ ಬಣ್ಣವೊಂದು ಇರಲಿಲ್ಲ, ಅಷ್ಟೇ. ಸತ್ತವರನ್ನು ಹಾಡಿ ಕಳಿಸುವ ಹಳೆಯ ತಲೆಮಾರಿಗೆ ಆ ಮುಖ ನಗು ಅಲ್ಲವೇ ಅಲ್ಲ. ಅದು ತಮ್ಮದೇ ಮುಖ.

ಹಾಗಾದರೆ ಫೋನು ಇರುವುದು ವಯಸ್ಸಾದ ಹೆಂಗಸಿನ ಕೈಯಲ್ಲಿ. ಅದೂ ಹಾಡಿ ಅಳುವುದನ್ನು ಬಲ್ಲವಳ ಕೈಯಲ್ಲಿ.

“ಅಪಾ, ನಿಮ್ಮ ಬೀಗರು ನೆಂಟರೆಲ್ಲ ಸೇರಿದ ಗುಂಪು ಇದೆಯಲ್ಲ, ಅದನ್ನ ತೆಗೀರಿ,” ಎಂದಳು. ತಾನೇ ಫೋನು ತೆಗೆದುಕೊಂಡು ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋದಳು. ವಸಂತದಲ್ಲಿ ಯಾರೋ ದೂರದ ನೆಂಟ ತೀರಿಕೊಂಡ ಸುದ್ದಿ ಸಿಕ್ಕಿತು. ಕೆಳಗೆ ಸಂತಾಪಗಳ ಸಾಲು. ಎಲ್ಲರೂ ಬೊಗಸೆಯೊಡ್ಡಿದ ಕೈಗಳ ಗುರುತು ಹಾಕಿದ್ದರು. ಒಬ್ಬರು ಮಾತ್ರ ‘ಅವರ ಮೇಲಿನ ಮಣ್ಣು ರೇಷ್ಮೆಯಾಗಲಿ’ ಎಂದು ಬರೆದು, ಆ ಬಾಯ್ತೆರೆದ ಹಳದಿ ಮುಖಗಳನ್ನು ಸುರಿದಿದ್ದರು.

ಬರೆದವಳು ಶಾರ್ಕಾನ್. ಸಯ್ಕಾಲ್‌ಳ ಅತ್ತೆ. ನರೀನ್‌ನಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಡಿ ಅಳಲು ಮೊದಲು ಕರೆ ಹೋಗುವುದು ಅವಳಿಗೆ.

ಬುರುಲ್ ಆ ಹೆಸರನ್ನು ಬಾಯಿಗೆ ತರಲಿಲ್ಲ. ಗುಂಪನ್ನು ಮುಚ್ಚಿ ಫೋನನ್ನು ಕಾಲಿಚಾಳ ಕೈಗೇ ಕೊಟ್ಟಳು. ಅಷ್ಟರಲ್ಲಿ ಬಾಗಿಲು ತಟ್ಟಿ ಮೆದರ್ ಒಳಗೆ ಬಂದ.

ಮೆದರ್ ಎಂದರೆ ಸಯ್ಕಾಲ್‌ಳ ಗಂಡ, ಶಾರ್ಕಾನ್‌ಳ ಒಬ್ಬನೇ ಮಗ. ನರೀನ್‌ಗೂ ಅಟ್‌ಬಾಶಿಗೂ ನಡುವೆ ಬಾಡಿಗೆ ಕಾರು ಓಡಿಸುತ್ತಿದ್ದ. ಕೈಯಲ್ಲಿ ಮಾಂಸ ತುಂಬಿದ ಬಿಸಿ ಸಮ್ಸಾಗಳ ಪೊಟ್ಟಣ. ಅತ್ತೆ ಬೆಳಗಿನಿಂದ ಹಸಿದಿದ್ದಾರೆ ಎಂದು ಯಾರೂ ಹೇಳದೆ ತಾನೇ ತಂದಿದ್ದ. ಅಳಿಯ ಅಂದರೆ ಹೀಗಿರಬೇಕು ಎಂದು ಠಾಣೆಯ ಹೆಂಗಸರೆಲ್ಲ ಆಗಲೇ ಮಾತಾಡಿಕೊಂಡಿದ್ದರು.

ಕಾಲಿಚಾ ತಡೆಯಲಾರದೆ ಫೋನನ್ನು ಅವನತ್ತ ಚಾಚಿದಳು. ನೋಡಪ್ಪಾ, ಮರಿ ಸತ್ತಿತು ಅಂದರೆ ಹೀಗೆ ನಗುತ್ತಾಳಂತೆ ನಿನ್ನ ಹೆಂಡತಿ ಎಂದಳು. ಮೆದರ್ ನಿಂತಲ್ಲೇ ನಿಂತು ಓದಿದ. ಬಹಳ ಹೊತ್ತು ಓದಿದ. ಪೊಟ್ಟಣ ಅವನ ಮುಷ್ಟಿಯಲ್ಲಿ ಮುದುಡಿ ಎಣ್ಣೆ ಕಾಗದದಾಚೆಗೆ ಜಿನುಗಿತು.

“ಇದು ನಗು ಅಲ್ಲ ಅತ್ತೆ,” ಎಂದ ನಿಧಾನವಾಗಿ. “ಅಳು.”

ಹೆಂಡತಿಯ ಪರ ವಹಿಸಿಕೊಂಡು ಬರುತ್ತಾನೆ ಪಾಪ ಎಂದುಕೊಂಡಳು ಬುರುಲ್. ಅವನ ಮೇಲೆ ಅವಳಿಗೆ ಕನಿಕರವೇ ಹುಟ್ಟಿತು. ಮನೆಯಲ್ಲಿ ತಾಯಿಯೇ ಕಳ್ಳಾಟ ಆಡುತ್ತಿದ್ದಾಳೆ, ಇವನು ಊರೂರು ತಿರುಗಿ ಹೆಂಡತಿಯನ್ನು ಕಾಯುತ್ತಿದ್ದಾನೆ.

“ನಂಗೂ ದಿನಾ ಬರೀತಾಳೆ ಎಜೆ,” ಎಂದ ಮೆದರ್. ಎಜೆ ಅಂದರೆ ಅಕ್ಕ. ಪೊಲೀಸಿನವಳಾದರೂ ವಯಸ್ಸಿನಲ್ಲಿ ಹಿರಿಯಳಿಗೆ ಕೊಡಬೇಕಾದ ಮರ್ಯಾದೆಯನ್ನು ಅವನು ತಪ್ಪಿಸುತ್ತಿರಲಿಲ್ಲ. “ತೋರ್ಸೋಕೆ ನಾಚ್ಕೆ ಆಗುತ್ತೆ.”

ನಾಚಿಕೆ ಪಡುತ್ತಲೇ ಫೋನು ತೋರಿಸಿದ. ಮೇಲೆ ಬಿಳಿ ತಲೆವಸ್ತ್ರದ ಸಯ್ಕಾಲ್‌ಳ ಚಿತ್ರ, ಪಕ್ಕದಲ್ಲಿ ಅವಳ ಹೆಸರು. ಕೆಳಗೆ ಕೆಂಪು ಹೃದಯಗಳು, ಮುತ್ತು ಕೊಡುವ ಮುಖಗಳು, ನಿಮ್ಮ ನೆನಪಾಗುತ್ತೆ ಎಂಬ ಮಾತುಗಳು. ಅದೇ ನಂಬರಾ ಎಂದು ಬುರುಲ್ ಕೇಳಿದಳು. ಅದೇ ಎಜೆ, ಮದುವೆಗೆ ಮುಂಚೆ ನಾನೇ ಕೊಡಿಸಿದ ಸಿಮ್ಮು ಎಂದ. ಬುರುಲ್ ತಲೆಯಾಡಿಸಿದಳು. ಗಂಡಹೆಂಡಿರ ಮುತ್ತುಗಳನ್ನು ಹೆಚ್ಚು ಹೊತ್ತು ನೋಡುವುದು ಅವಳಿಗೂ ಸರಿಕಾಣಲಿಲ್ಲ.

ಘಟ್ಟದ ಮೇಲೆ ಹಿಮ ಬೀಳುವ ಮುನ್ನ ಅತ್ತೆಯನ್ನು ಅದರಾಚೆಯ ಊರಿಗೆ ಬಿಟ್ಟು ಬರುತ್ತೇನೆ ಎಂದು ಅವನೇ ಹೇಳಿದ. ಕಾಲಿಚಾ ಹಿಂದೆಮುಂದೆ ನೋಡಿದಳು. ಮಗಳ ಗತಿ ಏನೆಂದು ತಿಳಿಯದೆ ಹೋಗಲಾರೆ, ಇಲ್ಲೇ ಠಾಣೆಯ ಬೆಂಚಿನ ಮೇಲೆ ಕೂತಿರುತ್ತೇನೆ ಎಂದಳು. ಬುರುಲ್‌ಗೆ ಶಾರ್ಕಾನ್‌ಳ ಮನೆಗೆ ಹೋಗುವ ಅವಸರ. ಬೀಗತಿಯರಿಬ್ಬರೂ ಎದುರಾಬದುರಾದರೆ ರಂಪವಾಗುತ್ತದೆ, ಮಗನೂ ಊರಲ್ಲಿಲ್ಲದಿದ್ದರೆ ಇನ್ನೂ ಒಳ್ಳೆಯದು ಎಂದು ಲೆಕ್ಕ ಹಾಕಿದಳು.

“ಹೋಗಿಬನ್ನಿ ಅಪಾ. ಅಳಿಯನ ಜೊತೆ ಹೋದ್ರೆ ನನಗೂ ನಿಶ್ಚಿಂತೆ,” ಎಂದಳು. ಕಾಲಿಚಾ ಅವಳ ಮುಖವನ್ನೇ ನೋಡಿ, ತಲೆವಸ್ತ್ರ ಬಿಗಿದುಕೊಂಡು ಎದ್ದಳು. ಬಿಳಿ ಕಾರು ಗೇಟು ದಾಟಿ ಹೋಯಿತು.

ಮುಖ್ಯಸ್ಥನಿಗೆ ವಿಷಯ ಹೇಳಿದರೆ, ಹಳದಿ ಮುಖ ನೋಡಿ ಹಿರಿಯ ಹೆಂಗಸನ್ನು ಠಾಣೆಗೆ ಕರೆಸಿದರೆ ಊರು ನಗುತ್ತೆ ಎನ್ನುವವನೇ. ಬುರುಲ್ ಯಾರಿಗೂ ಹೇಳಲಿಲ್ಲ. ಜೀಪು ತೆಗೆಯದೆ, ಕೋಟಿನ ಮೇಲೆ ಶಾಲು ಹೊದ್ದು, ಪಾಪ್ಲರ್ ಮರಗಳ ಸಂದಿಯಿಂದ ನಡೆದೇ ಹೋದಳು.

ಶಾರ್ಕಾನ್ ಬಾಗಿಲು ತೆರೆದ ರೀತಿಯಲ್ಲಿ ಅಚ್ಚರಿ ಇರಲಿಲ್ಲ. ಎತ್ತರದ ಹೆಂಗಸು. ಹಾಡಿ ಹಾಡಿ ಒಡೆದ ಗಂಟಲು. ಪೊಲೀಸಿನವಳಾದರೂ ಹೊಸ್ತಿಲು ದಾಟಿದ ಮೇಲೆ ಅತಿಥಿಯೇ, ರೊಟ್ಟಿ ಮುರಿಯದೆ ಮಾತು ಬೇಡ ಎಂದು ಕೂರಿಸಿದಳು. ನೆಲದ ಮೇಲೆ ಬಟ್ಟೆ ಹಾಸಿ ರೊಟ್ಟಿ, ಎಣ್ಣೆಯಲ್ಲಿ ಕರಿದ ಬೋರ್ಸೋಕ್, ಕೆನೆ ಜೋಡಿಸಿದಳು. ಹಾಲು ಬೆರೆಸಿದ ಚಹಾವನ್ನು ಬಟ್ಟಲಿಗೆ ಅರ್ಧ ಮಾತ್ರ ಬಗ್ಗಿಸಿದಳು. ಅರ್ಧ ಬಗ್ಗಿಸಿದರೆ ಇನ್ನೂ ಕೂತಿರಿ ಎಂದು ಅರ್ಥ. ತುಂಬ ಬಗ್ಗಿಸಿದರೆ ಎದ್ದುಹೋಗಿ ಎಂದು.

ಗೋಡೆಯ ಪಕ್ಕದ ಪೆಟ್ಟಿಗೆಯ ಮೇಲೆ ಕೌದಿಗಳನ್ನು ಸೂರಿನ ತನಕ ಒಟ್ಟಿದ್ದರು. ಸಯ್ಕಾಲ್ ತವರಿನಿಂದ ತಂದವು ಎಂದು ಶಾರ್ಕಾನ್ ತಾನಾಗಿಯೇ ಹೇಳಿದಳು. ಸೊಸೆಯನ್ನು ಹೊಗಳಿದಳು. ಸೊಸೆಯ ಕೈರುಚಿಯನ್ನು ಹೊಗಳಿದಳು. ಕಾಣೆಯಾದ ಸೊಸೆಯನ್ನು ಅತ್ತೆ ಇಷ್ಟು ಹೊಗಳಿದರೆ ಎಂಥವರಿಗೂ ಅನುಮಾನ ಬರಬೇಕು.

ಬುರುಲ್ ವಾದಕ್ಕೆ ಇಳಿಯಲಿಲ್ಲ. ರೊಟ್ಟಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಶಾಲಿನ ಮರೆಯಲ್ಲಿ ತನ್ನ ಫೋನಿನಿಂದ ಸಯ್ಕಾಲ್‌ಳ ನಂಬರಿಗೆ ಕರೆ ಮಾಡಿದಳು.

ಕೌದಿಗಳ ರಾಶಿಯೊಳಗೆ ಏನೋ ಗುಂಯ್‌ಗುಟ್ಟಿತು.

ಶಾರ್ಕಾನ್ ಕೆಟಲು ಬಗ್ಗಿಸಿ ಹಿಡಿದೇ ಇದ್ದಳು. ಚಹಾ ಬಟ್ಟಲು ತುಂಬಿ ಬಟ್ಟೆಯ ಮೇಲೆ ಹರಿಯಿತು. ಬುರುಲ್ ಎದ್ದು ಹೋಗಿ ನೀಲಿ ಕೌದಿಯ ಮಡಿಕೆಯಿಂದ ಫೋನನ್ನು ಎಳೆದು ತಂದು ಇಬ್ಬರ ನಡುವೆ, ರೊಟ್ಟಿಯ ಪಕ್ಕದಲ್ಲಿ ಇಟ್ಟಳು.

“ಇಷ್ಟು ದಿನ ನಕ್ಕಿದ್ದು ನೀವು. ಇವತ್ತು ಅತ್ತಿದ್ದೂ ನೀವೇ.”

ಶಾರ್ಕಾನ್ ಬಹಳ ಹೊತ್ತು ಒದ್ದೆ ಬಟ್ಟೆಯನ್ನೇ ಒರೆಸುತ್ತಿದ್ದಳು. ಆಮೇಲೆ ಒರೆಸುವುದನ್ನು ಬಿಟ್ಟು ಹೇಳತೊಡಗಿದಳು. ಒಂದು ಸಂಜೆ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆದಿತ್ತು. ಸಯ್ಕಾಲ್ ಮತ್ತೆ ಶಿಶುವಿಹಾರದ ಕೆಲಸಕ್ಕೆ ಹೋಗುತ್ತೇನೆ ಅಂದಳು, ಇವಳು ಬೇಡ ಅಂದಳು. ಈ ಹೊಸ್ತಿಲು ದಾಟಿದರೆ ತಿರುಗಿ ಬರಬೇಡ ಎಂದು ಬಾಯಿ ಜಾರಿತು. ಬೆಳಗ್ಗೆ ನೋಡಿದರೆ ಹಾಸಿಗೆ ಖಾಲಿ. ಫೋನು ಕೌದಿಗಳ ನಡುವೆ. ಫೋನು ತೆರೆಯುವ ಗೆರೆಯನ್ನು ಸೊಸೆ ಹಗಲೆಲ್ಲ ಕಣ್ಣೆದುರಿಗೇ ಎಳೆಯುತ್ತಿದ್ದಳು, ಅದನ್ನು ಕಲಿಯಲು ಯಾವ ವಿದ್ಯೆಯೂ ಬೇಕಿರಲಿಲ್ಲ.

“ನನ್ನ ಬಾಯೇ ಅವಳನ್ನ ಓಡಿಸ್ತು ಅಂತ ಮಗನಿಗೆ ಗೊತ್ತಾದ್ರೆ ನನ್ನ ಮುಖ ನೋಡ್ತಾನಾ ಮಗಳೇ?” ಎಂದಳು. “ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ಬರೀತಾ ಹೋದೆ. ಬೀಗತಿ ಹೆದರಬಾರದು ಅಂತ ಅವಳ ಹಳೇ ಸಂದೇಶ ನೋಡ್ಕೊಂಡು ಒಂದೊಂದು ನಗು ಹಾಕ್ದೆ.”

ಬುರುಲ್‌ಗೆ ಸಿಟ್ಟು ಬಂತು. ಒಬ್ಬ ತಾಯಿಯನ್ನು ತಿಂಗಳಿಡೀ ಸುಳ್ಳು ನಗುವಿನಲ್ಲಿ ತೇಲಿಸಿದ್ದಾಳೆ, ಅದಕ್ಕೆ ಕರುಣೆ ಎಂಬ ಹೆಸರು ಬೇರೆ!

“ಬೀಗತಿ ಹಾಳಾಗ್ಲಿ, ಹೆತ್ತ ಮಗನಿಗೂ ಬರೆದ್ರಲ್ಲ ಅಪಾ. ಹೃದಯ ಹಾಕಿ, ಮುತ್ತು ಹಾಕಿ.”

ಶಾರ್ಕಾನ್ ತಲೆ ಎತ್ತಿದಳು. ಇಷ್ಟು ಹೊತ್ತು ಕುಗ್ಗಿದ್ದ ಹೆಂಗಸು ನೆಟ್ಟಗಾದಳು.

“ಏನಂದೆ?”

“ನಾನೇ ನೋಡ್ದೆ. ಅವನ ಫೋನಲ್ಲಿ.”

“ಬಾಯಿ ತೊಳ್ಕೋ,” ಎಂದಳು ಶಾರ್ಕಾನ್. “ಹೆತ್ತ ಮಗನಿಗೆ ಹೆಂಡ್ತಿ ಹಾಗೆ ಮುತ್ತು ಬರೆಯೋಕೆ ನಾನೇನು ಮನುಷ್ಯಳಲ್ವಾ? ಸುಳ್ಳು ಹೇಳಿದೀನಿ, ನಿಜ. ಜೈಲಿಗೆ ಹಾಕು. ಇಂಥ ಮಾತು ಹೊರಿಸ್ಬೇಡ.”

ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಅದು ನಾಟಕ ಎನಿಸುತ್ತಿರಲಿಲ್ಲ. ಮಗ ಸೊಸೆ ಒಂದೇ ಬೆಂಚಿನಲ್ಲಿ ಒತ್ತಿ ಕೂತರೂ ಮುಖ ತಿರುಗಿಸಿಕೊಳ್ಳುವ ಅತ್ತೆಯರ ಊರು ಅದು. ಬುರುಲ್‌ಳ ಸಿಟ್ಟು ಇಳಿದು, ಅದು ಇದ್ದ ಜಾಗದಲ್ಲಿ ತಣ್ಣಗೆ ಏನೋ ಏರತೊಡಗಿತು.

ಹಾಗಾದರೆ ಮಗನಿಗೆ ಸಂದೇಶ ಬರುತ್ತಿರುವುದು ನಿಮಗೆ ಗೊತ್ತೇ ಇರಲಿಲ್ಲವೇ ಎಂದು ಕೇಳಿದಳು. ಗೊತ್ತಿತ್ತು ಎಂದಳು ಶಾರ್ಕಾನ್. ಅವನೇ ಊಟಕ್ಕೆ ಕೂತಾಗ ಹೇಳುತ್ತಿದ್ದ, ಇವತ್ತು ಬರೆದಿದ್ದಾಳೆ ಅಮ್ಮಾ ಎಂದು. ಫೋನು ತನ್ನ ಕೌದಿಯಲ್ಲಿರುವುದರಿಂದ ಸೊಸೆ ಹೊಸ ನಂಬರು ತೆಗೆದುಕೊಂಡಿರಬೇಕು, ಗಂಡನಿಗೆ ಮಾತ್ರ ಬರೆಯುತ್ತಿರಬೇಕು ಎಂದುಕೊಂಡಿದ್ದಳು. ಅದೇ ಅವಳಿಗೆ ಧೈರ್ಯವಾಗಿತ್ತು. ಹೇಗೂ ಬದುಕಿದ್ದಾಳಲ್ಲ, ಮುನಿಸು ಇಳಿದ ಮೇಲೆ ಬರುತ್ತಾಳೆ ಎಂದು.

ಅದೇ ನಂಬರು ಎಂದಿದ್ದ ಮೆದರ್. ಮದುವೆಗೆ ಮುಂಚೆ ತಾನೇ ಕೊಡಿಸಿದ್ದು ಎಂದಿದ್ದ. ಬುರುಲ್ ನೋಡಿದ್ದು ಚಿತ್ರವನ್ನು, ಹೆಸರನ್ನು, ಹೃದಯಗಳನ್ನು. ಫೋನನ್ನು ಕೈಗೆ ತೆಗೆದುಕೊಂಡು ಆ ಹೆಸರಿನ ಹಿಂದಿದ್ದ ನಂಬರನ್ನು ನೋಡಿರಲಿಲ್ಲ. ಯಾವುದೋ ಬೇರೆ ಸಿಮ್ಮಿಗೆ ಹೆಂಡತಿಯ ಹೆಸರು ಕೊಟ್ಟು, ಹೆಂಡತಿಯ ಚಿತ್ರ ಅಂಟಿಸಿ, ಒಬ್ಬನೇ ಕೂತು ತನಗೆ ತಾನೇ ಮುತ್ತು ಕಳಿಸಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು?

“ಈ ಫೋನಲ್ಲಿ ನಿಮ್ಮ ಮಗನ ಸಂದೇಶ ಓದಿದೀರಾ?”

“ತೌಬಾ! ಗಂಡಹೆಂಡಿರ ಮಾತು ನಾನ್ಯಾಕೆ ತೆಗೀಲಿ? ಬೀಗತಿದು ಮಾತ್ರ ತೆಗೀತಿದ್ದೆ. ಅವನ ಹೆಸರು ಬಂದ ಕಡೆ ಬೆರಳೂ ಇಟ್ಟಿಲ್ಲ.”

“ಈಗ ತೆಗೀರಿ.”

ಶಾರ್ಕಾನ್ ತೆಗೆಯಲಿಲ್ಲ. ಗೆರೆ ಎಳೆದು ಫೋನು ತೆರೆದು, ಮುಖ ಪಕ್ಕಕ್ಕೆ ತಿರುಗಿಸಿ ಬುರುಲ್‌ಳ ಕೈಗಿಟ್ಟಳು. ಇಷ್ಟು ದಿನ ಫೋನು ಅವಳ ಬಳಿಯೇ ಇತ್ತು. ಒಂದು ಸಲ, ಒಂದೇ ಒಂದು ಸಲ ಮರ್ಯಾದೆ ಬಿಟ್ಟು ಆ ಹೆಸರನ್ನು ಒತ್ತಿದ್ದರೆ ಎಲ್ಲವೂ ತಿಳಿದುಹೋಗುತ್ತಿತ್ತು. ಒಳ್ಳೆಯ ಅತ್ತೆ ಮಾಡಬಾರದ್ದನ್ನು ಅವಳು ಮಾಡಿರಲಿಲ್ಲ.

ಬುರುಲ್ ಒತ್ತಿದಳು.

ಅಲ್ಲಿ ಹೃದಯವೂ ಇರಲಿಲ್ಲ, ಮುತ್ತೂ ಇರಲಿಲ್ಲ. ಕೊನೆಯ ಸಂದೇಶ ಸಯ್ಕಾಲ್ ಕಾಣೆಯಾದ ರಾತ್ರಿಯದು. ಮೆದರ್ ಬರೆದದ್ದು. ‘ಹಿತ್ತಲ ಬಾಗಿಲ ಹತ್ರ ಇದೀನಿ. ಹೊರಗೆ ಬಾ, ಮಾತಾಡ್ಬೇಕು. ಅಮ್ಮಂಗೆ ಹೇಳ್ಬೇಡ )’

ಆಮೇಲೆ ಏನೂ ಇಲ್ಲ. ಎಲ್ಲಿದ್ದೀಯ ಎಂದು ಕೇಳಿಲ್ಲ. ಬಾ ಎಂದು ಕರೆದಿಲ್ಲ. ಒಂದು ಬೈಗುಳವೂ ಇಲ್ಲ. ಹೆಂಡತಿ ಕಾಣೆಯಾದ ಗಂಡ ಅವಳ ಫೋನಿಗೆ ಆ ರಾತ್ರಿಯ ನಂತರ ಒಂದಕ್ಷರ ಬರೆದಿರಲಿಲ್ಲ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದವನು ಮಾತ್ರ ಹಾಗೆ ಸುಮ್ಮನಿರಬಲ್ಲ.

“ಆ ರಾತ್ರಿ ನಿಮ್ಮ ಮಗ ಎಲ್ಲಿದ್ದ ಅಪಾ?”

“ಅಟ್‌ಬಾಶೀಲಿ. ಹಿಮ ಬಿದ್ದು ಘಟ್ಟ ಮುಚ್ಚಿತ್ತು, ಅಲ್ಲೇ ಮಲಗಿದ್ದೆ ಅಂದ.” ಶಾರ್ಕಾನ್ ಇನ್ನೂ ಮುಖ ತಿರುಗಿಸಿಯೇ ಇದ್ದಳು. “ಏನಿದೆ ಅದ್ರಲ್ಲಿ? ಓದು, ಕೇಳ್ತೀನಿ.”

ಬುರುಲ್ ಓದಿದಳು. ಶಾರ್ಕಾನ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಊರಿನ ಎಲ್ಲ ಸಾವಿಗೂ ಬಾಯ್ತೆರೆದು ಅತ್ತವಳಿಗೆ ಈಗ ಉಸಿರೂ ಹೊರಡಲಿಲ್ಲ.

ಬುರುಲ್‌ಳ ತಲೆಯಲ್ಲಿ ಬೆಳಗಿನದೆಲ್ಲ ತಿರುಗಿ ಸುತ್ತತೊಡಗಿತು. ಸತ್ತವಳು ತನ್ನಮ್ಮನಿಗೆ ದಿನವೂ ಸಂದೇಶ ಕಳಿಸುತ್ತಿದ್ದಾಳೆ ಎಂದು ಕೇಳಿದಾಗ ಈ ಮನುಷ್ಯನಿಗೆ ಏನಾಗಿರಬೇಕು! ಹೆದರಿರಬೇಕು. ಯಾರ ಕೈಯಲ್ಲಿದೆ ಫೋನು ಎಂದು ತಿಂಗಳಿಡೀ ಹುಡುಕಿರಬೇಕು. ಇವತ್ತು ಆ ಹಳದಿ ಮುಖಗಳನ್ನು ನೋಡಿದ ಕೂಡಲೇ ಅವನಿಗೆ ತಿಳಿದುಹೋಯಿತು. ಇದು ನಗು ಅಲ್ಲ, ಅಳು ಎಂದದ್ದು ಹೆಂಡತಿಯ ಪರವಾಗಿ ಅಲ್ಲ. ತನ್ನ ತಾಯಿಯ ಅಳುವನ್ನು ಅವನು ಗುರುತು ಹಿಡಿದಿದ್ದ.

ಗುರುತು ಹಿಡಿದವನು ಮಾಡಿದ ಮೊದಲ ಕೆಲಸ, ಕಾಲಿಚಾಳನ್ನು ಕಾರಿಗೆ ಹತ್ತಿಸಿಕೊಂಡದ್ದು. ಸಯ್ಕಾಲ್‌ಳನ್ನು ಹುಡುಕುತ್ತಿದ್ದವಳು ಅವಳೊಬ್ಬಳೇ. ಹತ್ತಿಸಿ ಕಳಿಸಿದ್ದು ಸ್ವತಃ ಬುರುಲ್.

ಅವಳು ಕಾಲಿಚಾಳ ಫೋನಿಗೆ ಕರೆ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಇನ್ನೊಮ್ಮೆ ಮಾಡಿದಳು. ಈ ಸಲ ಅರ್ಧದಲ್ಲೇ ಯಾರೋ ಕತ್ತರಿಸಿದರು. ಘಟ್ಟದ ತಪ್ಪಲಿನ ಪೊಲೀಸ್ ಚೌಕಿಗೆ ಕರೆ ಮಾಡಿ ಬಿಳಿ ಕಾರು, ಮೆದರ್ ಹೆಸರು, ಜೊತೆಯಲ್ಲೊಬ್ಬ ಹಿರಿಯ ಹೆಂಗಸು ಎಂದು ಹೇಳಿದಳು. ಚೌಕಿಯವನಿಗೆ ಮೆದರ್ ಚೆನ್ನಾಗಿ ಗೊತ್ತು, ದಿನಾ ಕೈ ಬೀಸಿ ಹೋಗುವವನಂತೆ. ಇವತ್ತು ಬೆಳಗಿನಿಂದ ಅವನ ಕಾರು ಆ ಕಡೆ ಬಂದೇ ಇಲ್ಲ ಎಂದ.

ಬುರುಲ್ ಫೋನು ಇಳಿಸುವಷ್ಟರಲ್ಲಿ ಕಾಲಿಚಾಳ ನಂಬರಿನಿಂದ ಸಂದೇಶ ಬಂತು.

‘ಊರು ಸೇರಿದೆ ಮಗಳೇ. ಚಿಂತೆ ಮಾಡ್ಬೇಡ )))’

ಘಟ್ಟವನ್ನೇ ದಾಟದ ಹೆಂಗಸು ಊರು ಸೇರಿದ್ದಳು. ಮಗಳ ಹೆಸರಲ್ಲಿ ಪಿಶಾಚಿ ನಗುತ್ತಿದೆ ಎಂದು ಬೆಳಗ್ಗೆ ನಡುಗಿದವಳು ಈಗ ಸಾಲಾಗಿ ನಗುತ್ತಿದ್ದಳು. ಇಷ್ಟು ವರ್ಷದ ಕೆಲಸದಲ್ಲಿ ಬುರುಲ್ ಎಷ್ಟೋ ಹೆಣ ನೋಡಿದ್ದಳು. ಮೂರು ಗೆರೆಗಳಿಗೆ ಹೀಗೆ ಹೆದರಿರಲಿಲ್ಲ.

ಈಗ ಅವಸರ ಮಾಡುವಂತಿಲ್ಲ. ತನಗೆ ತಿಳಿದಿದೆ ಎಂದು ಅವನಿಗೆ ತಿಳಿದರೆ ಕಾಲಿಚಾಳ ಆಯಸ್ಸು ಅಲ್ಲಿಗೆ ಮುಗಿಯಿತು. ಏನೂ ಆಗಿಲ್ಲ ಎಂಬಂತೆ ಉತ್ತರ ಕೊಡಬೇಕು. ಅದರಲ್ಲಿ ನಗು ಇಲ್ಲದಿದ್ದರೆ ಯಾಕೆ ಎಂದು ಅವನು ಯೋಚಿಸುತ್ತಾನೆ. ಬುರುಲ್ ಬೆರಳುಗಳನ್ನು ಶಾಲಿಗೆ ಒರೆಸಿಕೊಂಡು ಬರೆದಳು. ‘ಒಳ್ಳೇದಾಯ್ತು ಅಪಾ. ಬಿಸಿಯಾಗಿ ಏನಾದ್ರೂ ತಿಂದು ಮಲಗಿ.’ ಕೊನೆಗೆ, ಜೀವಮಾನದಲ್ಲಿ ಮೊದಲ ಸಲ ಒಂದು ನಗು ಹಾಕಲು ಕೈ ಮುಂದೆ ಬರಲಿಲ್ಲ. ಹಾಕಿದಳು. ಕಳಿಸಿದಳು.

ಶಾರ್ಕಾನ್ ಅವಳ ತೋಳು ಹಿಡಿದು, ನನ್ನ ಮಗನಿಗೆ ನಾನೇ ಕರೆ ಮಾಡುತ್ತೇನೆ, ನನ್ನ ಮಾತು ಮೀರುವುದಿಲ್ಲ ಎಂದು ಪಿಸುಗುಟ್ಟಿದಳು. ಬೇಡ ಎಂದು ಬುರುಲ್ ಕಣ್ಣಲ್ಲೇ ತಡೆದಳು. ಮುಖ್ಯಸ್ಥನ ನಂಬರು ಹುಡುಕಿದಳು. ತಾನು ಎಲ್ಲಿದ್ದೇನೆ ಎಂದು ಮೊದಲು ಅವನಿಗೆ ಹೇಳಬೇಕಿತ್ತು. ಅವಳು ಇಲ್ಲಿಗೆ ಬಂದದ್ದು ಠಾಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಬರುವ ದಾರಿಯಲ್ಲಿ ಒಂದು ನರಪಿಳ್ಳೆಯೂ ಎದುರಾಗಿರಲಿಲ್ಲ.

ಫೋನು ಅವಳ ಅಂಗೈಯಲ್ಲೇ ಅದುರಿತು. ಮತ್ತೆ ಕಾಲಿಚಾಳ ನಂಬರು.

‘ನಮ್ಮಮ್ಮ ಚಹಾ ಕೊಟ್ಟಳಾ ಎಜೆ? )’